ಹಚ್ಚೆಯ ಹಸಿರೂ ಸೂಜಿಯ ಮೊನೆಯೂ

ಬೀದರ, ಭಾಲ್ಕಿ, ಔರಾದಗಳ ಆಸುಪಾಸಿನ ಹಳ್ಳಿಗಳಲ್ಲಿ ಎಪ್ಪತ್ತನ್ನು ದಾಟಿದ ಅಜ್ಜಿಯರ ಮುಂಗೈಯನ್ನು ಗಮನವಿಟ್ಟು ನೋಡಿದವರಿಗೆ, ಸುಕ್ಕುಗಟ್ಟಿದ ಚರ್ಮದ ಅಡಿಯಲ್ಲಿ ಮಸುಕಾಗಿದ್ದರೂ ಅಳಿಯದೆ ಉಳಿದಿರುವ ತುಳಸಿಕಟ್ಟೆಯೋ, ಚೇಳೋ, ನವಿಲೋ, ಇಲ್ಲವೆ ಅಣ್ಣನ ಹೆಸರಿನ ಎರಡು ಅಕ್ಷರಗಳೋ ಕಣ್ಣಿಗೆ ಬೀಳದೆ ಇರಲಾರವು. ಔರಾದ ಕಡೆಯ ಲಂಬಾಣಿ ತಾಂಡಾಗಳಿಗೆ ಹೋದರೆ ಅಂತಹವೇ ಚುಕ್ಕೆಗಳು ಗದ್ದದ ಮೇಲೆಯೂ ಬೆರಳುಗಳ ಬೆನ್ನಿನಲ್ಲಿಯೂ ಕಾಣುತ್ತವೆ. ದೇಹ ಬಿಟ್ಟುಹೋದಾಗ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿಕೊಳ್ಳುವ ಮಕ್ಕಳು ಹಚ್ಚೆಯೊಂದನ್ನು ಮಾತ್ರ ಬಿಚ್ಚಿಕೊಳ್ಳಲಾರರು, ಆದುದರಿಂದ ಹೆಣ್ಣಿನ ಸಂಗಡ ಕಡೆಯವರೆಗೂ ಬರುವ ಒಡವೆ ಅದೊಂದೇ ಎಂಬುದು ಆ ಪೀಳಿಗೆಯ ನಂಬಿಕೆ. ಅದೇ ಮನೆಯ ಮೊಮ್ಮಗನು ಇಂದು ಬೀದರ ನಗರದ ಅಂಗಡಿಯೊಂದರ ಕನ್ನಡಿಯ ಮುಂದೆ ಕುಳಿತು, ಭುಜದ ಮೇಲೆ ಶಿವಾಜಿಯ ಮುಖವನ್ನೋ, ಎದೆಯ ಮೇಲೆ ‘ಜೈ ಭೀಮ್’ ಎಂಬ ಘೋಷವನ್ನೋ, ಮಣಿಕಟ್ಟಿನ ಮೇಲೆ ದೇವನಾಗರಿಯಲ್ಲಿ ‘ಆಯಿ’ ಎಂಬ ಪದವನ್ನೋ ಬರೆಸಿಕೊಳ್ಳುತ್ತಾನೆ. ಇದರಿಂದ ಮೈಗೆ ಕೇಡಾಗದೇ ಎಂದು ಯಾರಾದರೂ ಕೇಳಿದರೆ, ‘ನಮ್ಮ ಆಯಿಗಿ ಏನಾಗ್ಯಾದ್ರಿ, ಎಂಬತ್ತೈದು ವರ್ಷ ಬದುಕಿಲ್ಲೇನು?’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಉತ್ತರವು ಚುರುಕಾದುದೇ, ಆದರೆ ಎಂಬತ್ತೈದು ಬದುಕಿದ ಅಜ್ಜಿಯನ್ನು ಸಾಕ್ಷಿಗೆ ಕರೆಯುವಾಗ, ಹಾಗೆ ಬದುಕದೆ ಹೋದವರು ಸಾಕ್ಷಿ ನುಡಿಯಲು ಬರಲಾರರೆಂಬುದನ್ನು ಮರೆಯಲಾಗುತ್ತದೆ. ಅದಲ್ಲದೆ ಅಜ್ಜಿಯ ಕೈಯಲ್ಲಿರುವ ವಸ್ತುವೂ ಮೊಮ್ಮಗನ ಭುಜಕ್ಕೆ ಇಳಿದ ವಸ್ತುವೂ ಒಂದೇ ಅಲ್ಲ.

ಮೊದಲು ಅಜ್ಜಿಯ ಹಚ್ಚೆಯನ್ನೇ ನೋಡೋಣ. ಕೊರವರ ಹೆಂಗಸರು ಊರೂರು ತಿರುಗಿ ಹಾಕುತ್ತಿದ್ದ ಹಚ್ಚೆಯ ಬಣ್ಣಕ್ಕೆ ಮೂಲದ್ರವ್ಯ ದೀಪದ ಕಾಡಿಗೆ, ಎಂದರೆ ಬಹುಮಟ್ಟಿಗೆ ಇಂಗಾಲ; ಅದನ್ನು ಎಲೆಯ ರಸದಲ್ಲೋ ಎದೆಹಾಲಿನಲ್ಲೋ ಕಲಸಿ, ನಾಲ್ಕಾರು ಸೂಜಿಗಳನ್ನು ದಾರದಿಂದ ಒಟ್ಟಿಗೆ ಬಿಗಿದು, ಗೆರೆಯ ಮೇಲೆ ಚುಚ್ಚುತ್ತ ಹೋಗುತ್ತಿದ್ದರು. ಹಾಕುವಾಗ ಕಪ್ಪಾಗಿದ್ದ ಆ ಮಸಿ ಗಾಯ ಮಾಗಿದ ಮೇಲೆ ಹಸಿರಾಗಿ ಕಾಣುವುದಕ್ಕೆ ಕಾರಣ ಎಲೆಯ ರಸವಲ್ಲ. ಒಳಚರ್ಮದಲ್ಲಿ ಹುದುಗಿದ ಕಪ್ಪು ಕಣಗಳನ್ನು ಅವುಗಳ ಮೇಲಣ ಚರ್ಮದ ಪದರದ ಮೂಲಕ ನಾವು ನೋಡುತ್ತೇವೆ, ಆ ಪದರವು ಬೆಳಕಿನ ನೀಲಿ ಭಾಗವನ್ನು ಹೆಚ್ಚಾಗಿ ಚದುರಿಸಿ ಹಿಂದಕ್ಕೆ ಕಳುಹಿಸುತ್ತದೆ, ಆದುದರಿಂದ ಕಪ್ಪು ನಮ್ಮ ಕಣ್ಣಿಗೆ ನೀಲಿಹಸಿರಾಗಿ ತೋರುತ್ತದೆ.

ಹೊರಚರ್ಮವು ಹೆಚ್ಚುಕಡಮೆ ತಿಂಗಳಿಗೊಮ್ಮೆ ಉದುರಿ ಹೊಸದಾಗುವಂತಹದು. ಮಸಿ ಅಲ್ಲಿಯೇ ನಿಂತರೆ ಅದರೊಡನೆ ಉದುರಿಹೋಗುತ್ತದೆ. ಹಚ್ಚೆ ನಿಲ್ಲಬೇಕಾದರೆ ಸೂಜಿಯು ಒಂದರಿಂದ ಎರಡು ಮಿಲಿಮೀಟರು ಆಳಕ್ಕೆ, ರಕ್ತನಾಳಗಳೂ ನರಗಳೂ ದುಗ್ಧನಾಳಗಳೂ ಇರುವ ಒಳಚರ್ಮಕ್ಕೆ ಇಳಿಯಬೇಕು. ಅಲ್ಲಿ ಮಸಿ ಬಿದ್ದೊಡನೆ ದೇಹವು ಅದನ್ನು ಪರಕೀಯವೆಂದು ಗುರುತಿಸುತ್ತದೆ. ಭಕ್ಷಕ ಕೋಶಗಳು ಧಾವಿಸಿ ಬಂದು ಕಣಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರದೆ ಹೊಟ್ಟೆಯಲ್ಲಿಟ್ಟುಕೊಂಡೇ ಕುಳಿತುಬಿಡುತ್ತವೆ. ಅಂತಹ ಕೋಶವೊಂದು ಸತ್ತಾಗ ಅದರ ಹೊಟ್ಟೆಯಿಂದ ಹೊರಬಿದ್ದ ಬಣ್ಣವನ್ನು ಪಕ್ಕದಲ್ಲಿ ಹೊಸದಾಗಿ ಹುಟ್ಟಿದ ಕೋಶವು ನುಂಗುತ್ತದೆಂಬುದನ್ನೂ, ಹೀಗೆ ಕೈಯಿಂದ ಕೈಗೆ ದಾಟುತ್ತ ಬಣ್ಣವು ಆಯುಷ್ಯದುದ್ದಕ್ಕೂ ಒಂದೇ ಸ್ಥಳದಲ್ಲಿ ಉಳಿಯುತ್ತದೆಂಬುದನ್ನೂ ಫ್ರಾನ್ಸಿನ ಮಾರ್ಸೇಯ್ ನಗರದ ಸಂಶೋಧಕರು 2018ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಅಳಿಯದ ಒಡವೆ ಎಂದು ಅಜ್ಜಿ ಹೇಳಿದ್ದು ನಿಜವೇ. ಅದನ್ನು ಅಳಿಯಗೊಡದೆ ಕಾಯುವ ಕಾವಲುಗಾರರು ನಮ್ಮ ದೇಹದ ರಕ್ಷಣೆಗೆಂದೇ ಇರುವ ಕೋಶಗಳು, ಅವು ಮುಗಿಯದ ಒಂದು ಕೆಲಸದಲ್ಲಿ ಅನುಗಾಲವೂ ತೊಡಗಿರುತ್ತವೆ ಎಂಬುದಷ್ಟೇ ವಿಶೇಷ.

ಎಲ್ಲ ಕಣಗಳೂ ಅಲ್ಲಿಯೇ ನಿಲ್ಲುವುದಿಲ್ಲ. 2017ರಲ್ಲಿ ಜರ್ಮನಿಯ ವಿಜ್ಞಾನಿಗಳು ಗ್ರೆನೋಬಲ್‌ನ ಸಿಂಕ್ರೋಟ್ರಾನ್ ಕೇಂದ್ರದ ಪ್ರಬಲವಾದ ಕ್ಷಕಿರಣಗಳ ನೆರವಿನಿಂದ, ಮೃತರ ದೇಹಗಳಿಂದ ತೆಗೆದ ಚರ್ಮವನ್ನೂ ದುಗ್ಧಗ್ರಂಥಿಗಳನ್ನೂ ಪರೀಕ್ಷಿಸಿ, ಅತಿಸೂಕ್ಷ್ಮವಾದ ಬಣ್ಣದ ಕಣಗಳೂ ಅವುಗಳೊಡನೆ ಲೋಹದ ಅಂಶಗಳೂ ಕಂಕುಳು ಮುಂತಾದೆಡೆಯ ಗ್ರಂಥಿಗಳಲ್ಲಿ ಹೋಗಿ ಸೇರಿರುವುದನ್ನು ಕಂಡರು. ಬೀದರಿನವನಾಗಿ ಇಲ್ಲಿ ಬಿದರಿ ಕುಶಲಕರ್ಮಿಯನ್ನು ನೆನೆಯದಿರುವುದು ಕಷ್ಟ: ಅವನೂ ಉಳಿಯಿಂದ ಕೊರೆಯುತ್ತಾನೆ, ಕೊರೆದಲ್ಲಿ ಬೆಳ್ಳಿಯನ್ನು ತುಂಬುತ್ತಾನೆ, ಕೋಟೆಯ ಮಣ್ಣಿನಿಂದ ಕಪ್ಪನ್ನು ತರುತ್ತಾನೆ, ಆದರೆ ಸತುವೂ ತಾಮ್ರವೂ ಕೂಡಿದ ಅವನ ಹೂಜಿಯು ತುಂಬಿದ ಬೆಳ್ಳಿಯನ್ನು ಎಲ್ಲಿಗೂ ಸಾಗಿಸುವುದಿಲ್ಲ, ಅದಕ್ಕೆ ಪ್ರತಿಭಟಿಸುವುದೂ ಇಲ್ಲ.

ಹಾಗೆಂದು ಹಳೆಯದೆಲ್ಲ ಶುದ್ಧವಾಗಿತ್ತೆಂದು ಬಗೆಯುವುದು ನಮ್ಮ ಕಾಲದ ಒಂದು ಮಮತೆಯ ದೌರ್ಬಲ್ಯ. ಒಂದೇ ಸೂಜಿಯ ಕಟ್ಟು ಒಂದು ಓಣಿಯ ಹೆಣ್ಣುಮಕ್ಕಳ ಕೈಗಳನ್ನೆಲ್ಲ ಸುತ್ತಿ ಬರುತ್ತಿತ್ತು. ಭಿಲಾಯಿಯ ಚರ್ಮವೈದ್ಯರಾದ ಡಾ. ಘೋರ್ಪಡೆಯವರು, ಹಾದಿಬದಿಯಲ್ಲಿ ಹಚ್ಚೆ ಹಾಕಿಸಿಕೊಂಡ ಹಳ್ಳಿಗರಲ್ಲಿ ಆ ಹಚ್ಚೆಯ ಗೆರೆಗಳ ಮೇಲೆಯೇ ಕುಷ್ಠದ ಮಚ್ಚೆ ಮೊದಲು ಕಾಣಿಸಿಕೊಂಡ 31 ರೋಗಿಗಳ ವೃತ್ತಾಂತವನ್ನು 2002ರಲ್ಲಿ ಪ್ರಕಟಿಸಿದರು. ಕುಷ್ಠದ ಅಣುಜೀವಿಯು ದೇಹವನ್ನು ಹೊಕ್ಕ ಮೇಲೆ ರೋಗವು ತೋರಲು ಸರಾಸರಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ ಹಿಡಿಯುತ್ತದೆ. ಇಷ್ಟು ದೀರ್ಘವಾದ ಅವಧಿಯ ತರುವಾಯ ಅಂಗೈ ಜೋಮು ಹಿಡಿದವಳು, ಹುಡುಗಿಯಾಗಿದ್ದಾಗ ತಾನು ಚುಚ್ಚಿಸಿಕೊಂಡ ನವಿಲನ್ನು ದೂರುವಳೇ? ಚರ್ಮಕ್ಷಯವೂ ಹೀಗೆಯೇ ಸೂಜಿಯ ಹಾದಿಯಿಂದ ಬಂದುದುಂಟು. ಪರದೇಶಗಳಲ್ಲಿಯೂ ಇದು ಹೊಸತಲ್ಲ: 1878ರಷ್ಟು ಹಿಂದೆಯೇ ಫಿಲಡೆಲ್ಫಿಯದ ವೈದ್ಯರಿಬ್ಬರು, ಬಾಯಿಯ ಎಂಜಲಿನಿಂದ ಮಸಿಯನ್ನು ಕಲಸುತ್ತಿದ್ದ ಒಬ್ಬ ಹಚ್ಚೆಗಾರನಿಂದ ಅನೇಕರಿಗೆ ಉಪದಂಶ ರೋಗ ಹರಡಿದುದನ್ನು ವರ್ಣಿಸಿದ್ದಾರೆ. ಅಜ್ಜಿಯರ ಕಾಲದಲ್ಲಿ ಕೇಡು ಇರಲಿಲ್ಲವೆಂಬುದಲ್ಲ, ಕೇಡಿಗೂ ಕಾರಣಕ್ಕೂ ನಂಟು ಕಟ್ಟುವವರು ಹಳ್ಳಿಯಲ್ಲಿ ಇರಲಿಲ್ಲ.

ಈಗ ಇಂದಿನ ಹಚ್ಚೆಗೆ, ಅದರಲ್ಲೂ ಮೊದಲು ಜಾತ್ರೆಯ ಹಚ್ಚೆಗೆ ಬರೋಣ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಸನ್ನಿಧಿಯಲ್ಲಾಗಲಿ, ಔರಾದಿನ ಅಮರೇಶ್ವರನ ಜಾತ್ರೆಯಲ್ಲಾಗಲಿ, ಮೂರು ರಾಜ್ಯಗಳ ಜನ, ನಾಲ್ಕು ಭಾಷೆಗಳ ಗದ್ದಲ ನೆರೆಯುತ್ತದೆ. ನಮ್ಮ ನಾಡಿನ ಯಾವ ದೊಡ್ಡ ಜಾತ್ರೆಯ ಅಂಚಿನಲ್ಲಿಯಾದರೂ, ಬಳೆಯಂಗಡಿಗೂ ಮಿಠಾಯಿಯಂಗಡಿಗೂ ನಡುವೆ, ತಾಡಪತ್ರಿಯ ಮೇಲೆ ಕುಳಿತ ಹಚ್ಚೆಗಾರನನ್ನು ಕಾಣಬಹುದು. ಮುಂದೆ ಚಿತ್ರಗಳ ಹಾಳೆ ಹರಡಿರುತ್ತದೆ. ಪಕ್ಕದಲ್ಲಿ ಬ್ಯಾಟರಿ, ಅದರಿಂದ ಹೊರಟ ತಂತಿಯ ಕೊನೆಯಲ್ಲಿ ಗುಂಯ್‌ಗುಡುವ ಸಣ್ಣ ಯಂತ್ರ. ಈ ಯಂತ್ರದ ಪೂರ್ವಜಕ್ಕೆ 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ ಎಂಬಾತನು ಎಡಿಸನ್ನನ ವಿದ್ಯುತ್ ಲೇಖನಿಯನ್ನು ಮಾರ್ಪಡಿಸಿ ಪೇಟೆಂಟು ಪಡೆದನು. ಬಾಟಲಿಯ ಮುಚ್ಚಳದಲ್ಲಿ ಕಪ್ಪು ಮಸಿ. ಅದು ಗಟ್ಟಿಯಾದಾಗ ಕುಡಿಯುವ ನೀರಿನ ಬಾಟಲಿಯಿಂದ ನಾಲ್ಕು ಹನಿ. ಚುಚ್ಚಿದಾಗ ಒಸರಿದ ರಕ್ತವನ್ನೂ ಮಸಿಯನ್ನೂ ಒರಸಲು ಒಂದು ಬಟ್ಟೆ. ಆ ಬಟ್ಟೆಯ ಮೂಲ ಬಣ್ಣ ಯಾವುದೆಂದು ಹೇಳುವುದು ಮಧ್ಯಾಹ್ನದ ಹೊತ್ತಿಗೆ ಅಸಾಧ್ಯ. ಒಬ್ಬನ ಕೈ ಮುಗಿದು ಮತ್ತೊಬ್ಬನು ತೋಳು ಚಾಚಿದಾಗ ಯಂತ್ರದ ಮೊನೆಯನ್ನು ಅದೇ ಬಟ್ಟೆಯಲ್ಲಿ ಒರಸಿ, ಹೆಚ್ಚೆಂದರೆ ಸ್ಪಿರಿಟ್ಟಿನಲ್ಲಿ ಅದ್ದಿ, ಅದೇ ಮುಚ್ಚಳದ ಮಸಿಗೆ ಇಳಿಸುತ್ತಾನೆ. ಕೇಳಿದರೆ, ‘ಸೂಜಿ ಹೊಸಾದೇ ಅದ, ನೋಡ್ರಿ’ ಎನ್ನುತ್ತಾನೆ. ಬೆಳಿಗ್ಗೆ ಹೊಸದಾಗಿಯೇ ಇದ್ದಿರಬೇಕು.

ಸೂಜಿ ಹೊಸದಾದರೂ ಮಸಿ ಹಳೆಯದಾದರೆ ಸೂಜಿಯ ಹೊಸತನ ವ್ಯರ್ಥವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಒಬ್ಬನ ರಕ್ತದ ಕಣವು ಮೊನೆಯಿಂದ ಮಸಿಗೆ, ಮಸಿಯಿಂದ ಮತ್ತೊಬ್ಬನ ಒಳಚರ್ಮಕ್ಕೆ ದಾಟಲು ಯಾವ ಅಡ್ಡಿಯೂ ಇಲ್ಲ. ಜನರು ಇಂತಹ ಪ್ರಸಂಗದಲ್ಲಿ ಮೊದಲು ಹೆದರುವುದು ಎಚ್‌ಐವಿಗೆ. ಆದರೆ ಆ ವೈರಾಣುವು ದೇಹದ ಹೊರಗೆ ಬೇಗನೆ ಸಾಯುವಂತಹದು. ಕಾಮಣಿಯನ್ನು ತರುವ ಹೆಪಟೈಟಿಸ್ ಬಿ ವೈರಾಣುವಾದರೋ ಒಣಗಿದ ರಕ್ತದ ಕಲೆಯಲ್ಲಿಯೂ ಏಳು ದಿನಗಳವರೆಗೆ ಸೋಂಕು ಹರಡುವ ಶಕ್ತಿಯನ್ನು ಉಳಿಸಿಕೊಂಡಿರಬಲ್ಲದು. ಆಸ್ಪತ್ರೆಯ ಸಿಬ್ಬಂದಿಗೆ ರೋಗಿಯ ರಕ್ತ ಹತ್ತಿದ ಸೂಜಿ ಅಕಸ್ಮಾತ್ತಾಗಿ ಚುಚ್ಚಿಕೊಂಡ ಪ್ರಸಂಗಗಳಿಂದ ದೊರೆತ ಲೆಕ್ಕವು ಹೀಗಿದೆ: ಎಚ್‌ಐವಿ ತಗಲುವ ಸಂಭವ ಸುಮಾರು ಶೇಕಡಾ 0.3, ಹೆಪಟೈಟಿಸ್ ಸಿ ಸುಮಾರು ಶೇಕಡಾ 1.8, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಶೇಕಡಾ 6ರಿಂದ 30. ಹಚ್ಚೆಯ ಸೂಜಿ ಆಸ್ಪತ್ರೆಯ ಸೂಜಿಯಂತೆ ಪೊಳ್ಳಾದುದಲ್ಲವಾದ್ದರಿಂದ ಒಂದು ಚುಚ್ಚಿಗೆ ದಾಟುವ ರಕ್ತ ಕಡಮೆ. ಆದರೆ ಅದು ಚುಚ್ಚುವುದು ಒಂದು ಸಲವಲ್ಲ, ನಿಮಿಷಕ್ಕೆ ನೂರಾರು, ಸಾವಿರಾರು ಸಲ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಲಸಿಕೆಯು 2002ರಲ್ಲಿ ಪ್ರಾಯೋಗಿಕವಾಗಿ ಕೆಲವೆಡೆ ಆರಂಭವಾಗಿ, ಇಡೀ ದೇಶಕ್ಕೆ ವ್ಯಾಪಿಸಿದ್ದು 2011ರಲ್ಲಿ. ಎಂದ ಮೇಲೆ ಇಂದು ಇಪ್ಪತ್ತರ ಮೇಲಿನ ಪ್ರಾಯದಲ್ಲಿ ತೋಳು ಚಾಚಿ ಕುಳಿತಿರುವ ತರುಣರಲ್ಲಿ ಬಹುಮಂದಿಗೆ ಶೈಶವದಲ್ಲಿ ಆ ರಕ್ಷೆ ದೊರೆತಿರಲಾರದು.

ನಗರದ ಅಂಗಡಿಗಳಲ್ಲಿ ಸ್ಥಿತಿ ಇದಕ್ಕಿಂತ ಉತ್ತಮವಾಗಿರುವುದುಂಟು. ಪೊಟ್ಟಣದಲ್ಲಿ ಬರುವ, ಒಮ್ಮೆ ಬಳಸಿ ಎಸೆಯತಕ್ಕ ಸೂಜಿಗಳು ಈಗ ಸುಲಭವಾಗಿ ದೊರೆಯುತ್ತವೆ, ಕೈಗವಸು ಧರಿಸುವ ಅಭ್ಯಾಸವೂ ಬಂದಿದೆ. ಆದರೆ ಸೀಸೆಯೊಳಗಿರುವ ಮಸಿ ಎಂತಹದು? 2011ರ ಕೊನೆಯಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ, ಅಚ್ಚುಕಟ್ಟಾದ ಒಂದೇ ಅಂಗಡಿಯಲ್ಲಿ ಹಚ್ಚೆ ಹಾಕಿಸಿಕೊಂಡ 19 ಮಂದಿಗೆ ವಾರಗಟ್ಟಲೆ ಮಾಗದ ಗುಳ್ಳೆಗಳೆದ್ದವು. ಕಾರಣವನ್ನು ಹುಡುಕಿದಾಗ, ಕ್ಷಯದ ಅಣುಜೀವಿಯ ಕುಲಕ್ಕೆ ಸೇರಿದ, ನೀರಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯವು ತಯಾರಕರು ಮೊದಲೇ ನೀರು ಬೆರೆಸಿ ಮಾರಿದ್ದ ಬೂದುಬಣ್ಣದ ಮಸಿಯಲ್ಲಿಯೇ ಇತ್ತೆಂಬುದು ಗೊತ್ತಾಯಿತು. ಮುಚ್ಚಿದ ಸೀಸೆಗೇ ಆ ಗತಿಯಾದರೆ, ಜಾತ್ರೆಯಲ್ಲಿ ನೀರಿನ ಬಾಟಲಿಯಿಂದ ಬೀಳುವ ನಾಲ್ಕು ಹನಿಗಳ ಮಾತನ್ನು ವಿಸ್ತರಿಸಬೇಕಾಗಿಲ್ಲ.

ಮಸಿಯ ರಸಾಯನದ ವಿಚಾರ ನಮ್ಮ ರಾಜ್ಯದಲ್ಲಿಯೇ ಒಮ್ಮೆ ಸುದ್ದಿಯಾಯಿತು. 2025ರ ಆರಂಭದಲ್ಲಿ ಆರೋಗ್ಯ ಸಚಿವರಾದ ದಿನೇಶ್ ಗುಂಡೂರಾವ್ ಅವರು, ರಾಜ್ಯದ ಇಲಾಖೆಯು ಪರೀಕ್ಷೆಗೊಳಪಡಿಸಿದ ಟ್ಯಾಟೂ ಮಸಿಯ ಮಾದರಿಗಳಲ್ಲಿ ಸೆಲೆನಿಯಂ, ಕ್ರೋಮಿಯಂ, ಪ್ಲಾಟಿನಂ, ಆರ್ಸೆನಿಕ್ ಮೊದಲಾದ 22 ಲೋಹಗಳು ಕಂಡುಬಂದಿರುವುದಾಗಿ ತಿಳಿಸಿ, ಈ ಮಸಿಗಳು ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ಹಿಡಿತಕ್ಕೆ ಬಾರದಿರುವುದರಿಂದ ನಿಯಮಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಬರೆಯುವುದಾಗಿ ಹೇಳಿದರು. ತುಟಿಗೆ ಹಚ್ಚಿ ಸಂಜೆಗೆ ಒರಸಿಹಾಕುವ ಬಣ್ಣಕ್ಕೆ 1940ರಷ್ಟು ಹಳೆಯ ಕಾಯಿದೆಯುಂಟು. ಒಳಚರ್ಮಕ್ಕೆ ಇಳಿಸಿ ಆಜೀವ ಹೊತ್ತುಕೊಳ್ಳುವ ಬಣ್ಣಕ್ಕೆ ಇಲ್ಲ! ಯುರೋಪಿನ ಒಕ್ಕೂಟವು 2022ರ ಜನವರಿಯಿಂದ ಹಚ್ಚೆಯ ಮಸಿಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ರಾಸಾಯನಿಕಗಳನ್ನು ನಿರ್ಬಂಧಿಸಿತು. ಮರುವರ್ಷ ಬಹುಬಳಕೆಯ ಒಂದು ನೀಲಿ ಮತ್ತು ಒಂದು ಹಸಿರು ವರ್ಣದ್ರವ್ಯಗಳನ್ನೂ ಆ ಪಟ್ಟಿಗೆ ಸೇರಿಸಿತು.

ಕ್ಯಾನ್ಸರ್ ಎಂಬ ಪದವು ಕೇಳಿಬಂದೊಡನೆ ಉಳಿದ ಮಾತುಗಳೆಲ್ಲ ಹಿಂದೆ ಸರಿಯುವುದು ಸಹಜ. ಆದುದರಿಂದ ಅದನ್ನು ತೂಗಿ ನೋಡುವುದು ಅವಶ್ಯ. ಕಪ್ಪು ಮಸಿಯ ಕಾಡಿಗೆಯೊಂದಿಗೆ ಬೆನ್ಜೋಪೈರೀನ್‌ನಂತಹ, ಕ್ಯಾನ್ಸರ್‌ಕಾರಕವೆಂದು ಸ್ಥಿರಪಟ್ಟ ಸಂಯುಕ್ತಗಳು ಬರಬಹುದು. ಕೆಂಪು, ಹಳದಿಗಳಿಗೆ ಬಳಸುವ ಆಜೋ ವರ್ಣಗಳಲ್ಲಿ ಕೆಲವು ಬಿಸಿಲಿಗೂ ಲೇಸರಿಗೂ ಒಡೆದು ಅಪಾಯಕರವಾದ ಅಮೈನುಗಳಾಗುತ್ತವೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2024ರಲ್ಲಿ 11,905 ಜನರನ್ನೊಳಗೊಂಡ ಅಧ್ಯಯನವನ್ನು ಪ್ರಕಟಿಸಿ, ಹಚ್ಚೆಯುಳ್ಳವರಲ್ಲಿ ದುಗ್ಧಗ್ರಂಥಿಗಳ ಕ್ಯಾನ್ಸರಿನ ಸಂಭವ ಶೇಕಡಾ 21ರಷ್ಟು ಹೆಚ್ಚಾಗಿ ತೋರುವುದೆಂದರು. ಇದು ಅಪರೂಪದ ವ್ಯಾಧಿಯ ಸಣ್ಣ ಸಂಭವದ ಮೇಲಿನ ಏರಿಕೆ. ಹಚ್ಚೆಯ ಗಾತ್ರ ದೊಡ್ಡದಾದಂತೆ ಅಪಾಯವೂ ದೊಡ್ಡದಾಗುವ ಕ್ರಮವು ಅದರಲ್ಲಿ ಕಾಣಲಿಲ್ಲ. ಕಾರ್ಯಕಾರಣ ಸಂಬಂಧ ಸಿದ್ಧವಾಯಿತೆಂದು ಆ ಸಂಶೋಧಕರೂ ಹೇಳಿಲ್ಲ. ನನ್ನ ಅಭಿಪ್ರಾಯವನ್ನು ಹೇಳಬಹುದಾದರೆ, ಬೆಂಗಳೂರಿನಿಂದ ಬಂದ 22 ಲೋಹಗಳ ಸುದ್ದಿಯನ್ನು ಓದಿ ಬೆಚ್ಚಿದ ನಮ್ಮ ಜಿಲ್ಲೆಯ ಓದುಗನಿಗೆ, ಮೂವತ್ತು ವರ್ಷಗಳಾಚೆ ಬಂದರೂ ಬರಬಹುದಾದ ಕ್ಯಾನ್ಸರಿಗಿಂತ, ಇದೇ ವಾರ ಒರಸಿ ಮತ್ತೊಬ್ಬನಿಗೆ ಚುಚ್ಚುವ ಸೂಜಿಯೇ ನಿಶ್ಚಿತವಾದ ಶತ್ರು. ಲೋಹಗಳನ್ನು ಕೇಂದ್ರ ಸರ್ಕಾರವು ನೋಡಿಕೊಳ್ಳಲಿ. ಸೂಜಿಯನ್ನು ನೋಡಿಕೊಳ್ಳಲು ಕಣ್ಣಿದ್ದರೆ ಸಾಕು.

ಬಣ್ಣಕ್ಕೆ ಮೈ ಮುನಿಯುವ ಬಗೆಗಳು ಬೇರೆ. ಅತ್ಯಧಿಕವಾಗಿ ಒಗ್ಗದಿರುವುದು ಕೆಂಪು. ಹಿಂದೆ ಅದರಲ್ಲಿ ಪಾದರಸದ ಇಂಗಳೀಕವಿರುತ್ತಿತ್ತು, ಈಗ ಆಜೋ ವರ್ಣಗಳಿವೆ. ಹೂವಿನ ಎಲೆ ದಂಟುಗಳೆಲ್ಲ ನೆಟ್ಟಗಿದ್ದು, ಕೆಂಪು ದಳಗಳು ಮಾತ್ರ ತಿಂಗಳುಗಳ ಮೇಲೆ ದಪ್ಪಗೆ ಉಬ್ಬಿ ನವೆಯೇಳುವುದನ್ನು ಚರ್ಮವೈದ್ಯರು ಆಗಾಗ ಕಾಣುತ್ತಾರೆ. ಎದೆ, ಭುಜಗಳಲ್ಲಿ ಗಾಯವು ಮಾಗಿದ ಮೇಲೂ ಬೆಳೆಯುತ್ತಲೇ ಹೋಗುವ ಕೀಲಾಯ್ಡ್ ಎಂಬ ಗಂಟು ನಮ್ಮಂತಹ ಕಂದುಮೈಯವರಿಗೆ ಹೆಚ್ಚು. ಸೋರಿಯಾಸಿಸ್, ತೊನ್ನು ಇರುವವರಿಗೆ ಸೂಜಿ ಹೋದ ಗೆರೆಯ ಮೇಲೆಯೇ ಹೊಸ ಮಚ್ಚೆ ಏಳುವುದುಂಟು. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರೂ ಹೃದಯದ ಕವಾಟದ ದೋಷವುಳ್ಳವರೂ ವೈದ್ಯರನ್ನು ಕೇಳದೆ ಈ ಗೋಜಿಗೆ ಹೋಗಬಾರದು.

ನೋವಿಲ್ಲದ ಉಪಾಯವೆಂದು ಕೆಲವರು ‘ಕಪ್ಪು ಮೆಹಂದಿ’ಯ ತಾತ್ಕಾಲಿಕ ಹಚ್ಚೆಯನ್ನು ಆರಿಸಿಕೊಳ್ಳುತ್ತಾರೆ. ಗೋರಂಟಿಯ ಎಲೆ ಕೊಡುವ ಬಣ್ಣ ಕೆಂಗಂದು. ಅದು ಅರ್ಧ ಗಂಟೆಯಲ್ಲಿ ಕಡುಕಪ್ಪಾಗುವುದೆಂದರೆ ಅದರಲ್ಲಿ ಕೂದಲ ಬಣ್ಣದ ಪಿಪಿಡಿ ಎಂಬ ರಾಸಾಯನಿಕ ಬೆರೆತಿದೆಯೆಂದೇ ಅರ್ಥ. ಮದುವೆಯ ಮನೆಯಲ್ಲಿ ಹುಡುಗಿಯ ಕೈಮೇಲೆ ಬಳ್ಳಿಯ ಆಕಾರದಲ್ಲಿಯೇ ಬೊಬ್ಬೆಗಳೇಳುವುದು ಇದರಿಂದ. ಒಮ್ಮೆ ಹೀಗೆ ಒಗ್ಗದೆ ಹೋದ ದೇಹವು ಮುಂದೆ ನಲವತ್ತರ ಪ್ರಾಯದಲ್ಲಿ ತಲೆಗೆ ಬಣ್ಣ ಹಚ್ಚಿದಾಗ ಹಳೆಯ ದ್ವೇಷವನ್ನು ತೀರಿಸಿಕೊಳ್ಳುತ್ತದೆ.

ಹಾಕಿಸಿಕೊಂಡದ್ದನ್ನು ತೆಗೆಸುವ ಪ್ರಯತ್ನಗಳಲ್ಲಿ ಆಗುವ ಅನಾಹುತಗಳು ಹಾಕಿಸಿಕೊಂಡಾಗಿನವುಗಳಿಗಿಂತ ಕಡಮೆಯಲ್ಲ. ಸೇನೆಗೆ ಸೇರುವ ಹಂಬಲದಿಂದ ಮುಂಜಾನೆ ಕೋಟೆಯ ಬಳಿ ಓಡುವ ಹುಡುಗರಿಗೆ ಗೊತ್ತಿರುವಂತೆ, ಮುಂಗೈಯ ಒಳಬದಿ ಮತ್ತು ಹಸ್ತದ ಹಿಂಬದಿಗಳನ್ನುಳಿದು ಬೇರೆಡೆಯ ಶಾಶ್ವತ ಹಚ್ಚೆಯು ಭರ್ತಿಗೆ ಅಡ್ಡಿಯಾಗುತ್ತದೆ. ಬುಡಕಟ್ಟಿನವರ ಸಂಪ್ರದಾಯದ ಹಚ್ಚೆಗಷ್ಟೇ ವಿನಾಯಿತಿ. ಭರ್ತಿಯ ಪ್ರಕಟಣೆ ಬಂದ ಮೇಲೆ ಭುಜದ ಸಿಂಹವನ್ನು ಹೇಗಾದರೂ ಓಡಿಸಬೇಕೆಂದು ಆಸಿಡ್ಡನ್ನೋ, ಉಪ್ಪು ಹಚ್ಚಿ ಉಜ್ಜುವುದನ್ನೋ, ಗೇರೆಣ್ಣೆಯನ್ನೋ ನಂಬಿದವರ ಮೈಯಲ್ಲಿ ಸಿಂಹವೂ ಉಳಿದು ಸುಟ್ಟಗಾಯವೂ ಸೇರಿಕೊಳ್ಳುತ್ತದೆ. ಲೇಸರ್ ಕಿರಣವು ಕಣಗಳನ್ನು ಕ್ಷಣಾರ್ಧದಲ್ಲಿ ಚೂರಾಗಿಸಿ ಭಕ್ಷಕ ಕೋಶಗಳು ಒಯ್ಯಲು ಅನುವಾಗುವಂತೆ ಮಾಡುತ್ತದೆ. ಆದರೆ ತಿಂಗಳುಗಳ ಅಂತರವಿಟ್ಟು ಹಲವಾರು ಸಲ ಹೋಗಬೇಕು. ಕಪ್ಪು ಬೇಗ ಕರಗುತ್ತದೆ. ಹಳದಿ, ಹಸಿರುಗಳು ಮೊಂಡು ಹಿಡಿಯುತ್ತವೆ. ಟೈಟಾನಿಯಂ ಆಕ್ಸೈಡು ಬೆರೆತ ಬಿಳಿಯು ಲೇಸರ್ ತಾಗಿದೊಡನೆ ಕಪ್ಪಾಗಿಬಿಡುವುದೂ ಉಂಟು.

ಇಷ್ಟಾದರೂ ಹಾಕಿಸಿಕೊಂಡೇ ತೀರುವೆನೆನ್ನುವವನನ್ನು ಬೈಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ಐದು ಸಾವಿರ ವರ್ಷಗಳಾಚೆಯ ಮನುಷ್ಯನ ಮೈಮೇಲೆಯೂ ಇಂಗಾಲದ 61 ಹಚ್ಚೆಗಳಿದ್ದವು. ಇಂದು ಹಾಕಿಸಿಕೊಳ್ಳುವವನು ಅಂಗಡಿಯಲ್ಲಿ ಕುಳಿತು ತನ್ನೆದುರಿಗೇ ಸೂಜಿಯ ಪೊಟ್ಟಣವನ್ನು ಒಡೆಯಿಸಲಿ, ಮಸಿಯನ್ನು ತನಗೆಂದೇ ಬೇರೆ ಬಟ್ಟಲಿಗೆ ಸುರಿಸಲಿ, ಮಿಕ್ಕದ್ದನ್ನು ಸೀಸೆಗೆ ಮರಳಿ ಹೊಯ್ಯದೆ ಚೆಲ್ಲುವುದನ್ನು ನೋಡಲಿ, ನೀರು ಬೆರೆಸಗೊಡದಿರಲಿ. ಮತ್ತೆ ಬಳಸುವ ಲೋಹದ ಹಿಡಿಕೆಯಿದ್ದರೆ ಆಟೋಕ್ಲೇವ್ ಎಲ್ಲಿದೆಯೆಂದು ಕೇಳಲಿ: 121 ಡಿಗ್ರಿಯ ಉಗಿಯಲ್ಲಿ, ಒತ್ತಡದಡಿ, ಹದಿನೈದು ಇಪ್ಪತ್ತು ನಿಮಿಷ ಇಟ್ಟುದೇ ಶುದ್ಧಿ, ಸ್ಪಿರಿಟ್ಟೂ ಬಿಸಿನೀರೂ ಅದಕ್ಕೆ ಸಮವಲ್ಲ. ಹಾಕಿಸಿಕೊಂಡವನು ಸಾಮಾನ್ಯವಾಗಿ ಒಂದು ವರ್ಷಪರ್ಯಂತ ರಕ್ತದಾನಕ್ಕೆ ಅನರ್ಹನೆಂಬುದನ್ನೂ ಅರಿತಿರಲಿ. ರಕ್ತನಿಧಿಯಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಮುಚ್ಚಿಡುವವನು ತನ್ನ ಅಪಾಯವನ್ನು ಬಾಣಂತಿಯೊಬ್ಬಳಿಗೆ ವರ್ಗಾಯಿಸುತ್ತಾನೆ.

ಸಂದೇಹದ ಸೂಜಿಗೆ ಈಗಾಗಲೇ ಕೈಕೊಟ್ಟವರು ನಾಚಿ ಕುಳಿತುಕೊಳ್ಳಬೇಕಾಗಿಲ್ಲ. 2018ರಿಂದ ನಡೆಯುತ್ತಿರುವ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಎರಡರ ಪರೀಕ್ಷೆಯೂ ಚಿಕಿತ್ಸೆಯೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಬೀದರದಲ್ಲಿ 2007ರಿಂದ ವೈದ್ಯಕೀಯ ಕಾಲೇಜೇ ಇದೆ, ಭಾಲ್ಕಿಯಲ್ಲೂ ಔರಾದಿನಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ. ಚುಚ್ಚಿಸಿಕೊಂಡ ಮರುದಿನವೇ ರಕ್ತವನ್ನು ಪರೀಕ್ಷಿಸಿದರೆ ಸೋಂಕು ತೋರುವುದಿಲ್ಲವಾದ್ದರಿಂದ ಮೂರು ತಿಂಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಹೆಪಟೈಟಿಸ್ ಸಿ ಈಗ ಹನ್ನೆರಡು ವಾರಗಳ ಮಾತ್ರೆಗಳಿಂದ ಬಹುಪಾಲು ರೋಗಿಗಳಲ್ಲಿ ಪೂರ್ತಿಯಾಗಿ ವಾಸಿಯಾಗುತ್ತದೆ, ಅದಕ್ಕೆ ಲಸಿಕೆಯಿಲ್ಲ. ಬೇರೂರಿದ ಹೆಪಟೈಟಿಸ್ ಬಿಯನ್ನು ಅಡಗಿಸಿಡಬಹುದಲ್ಲದೆ ನಿರ್ಮೂಲ ಮಾಡುವುದು ಅಪರೂಪ, ಅದಕ್ಕೆ ಲಸಿಕೆಯುಂಟು. ಆ ಲಸಿಕೆಯ ಮೂರು ವರಸೆಗಳು ಮುಗಿಯಲು ಆರು ತಿಂಗಳು ಬೇಕು. ಮಾರ್ಗಶಿರದ ಚಂಪಾಷಷ್ಠಿಗೆ ಮಲ್ಲಣ್ಣನ ತ್ರಿಶೂಲವನ್ನು ತೋಳಿನ ಮೇಲೆ ಬರೆಸಿಕೊಳ್ಳಬೇಕೆಂದಿರುವ ಭಕ್ತನು ಜ್ಯೇಷ್ಠದಲ್ಲಿಯೇ ಮೊದಲ ಚುಚ್ಚುಮದ್ದಿಗೆ ತೋಳನ್ನು ಕೊಟ್ಟಿರಬೇಕಾಗುತ್ತದೆ.